ಮಗಳಿಗೊಂದು ಪತ್ರ: ಎಸಿ ತರುವ ಮೊದಲು

ಕಿದಿಯೂರು, ಉಡುಪಿ

ಪ್ರೀತಿಯ ಮಗಾ,

ನೀನು ಕಳಿಸಿದ ಎಸಿಯ ಫೋಟೊ ನೋಡಿದೆ. ಅಮ್ಮನೂ ನೋಡಿದಳು. "ಮಗಳು ಕೊಡಿಸ್ತಾಳೆ ಅಂದ್ರೆ ನಿಮಗೇನು ಕಷ್ಟ" ಎಂದು ನನ್ನನ್ನೇ ಗದರಿದಳು. ಹನ್ನೆರಡು ತಿಂಗಳ ಇಎಂಐ, ಬಡ್ಡಿ ಇಲ್ಲ, ಇವತ್ತೇ ಹೂಂ ಅನ್ನಿ ಎಂದು ನೀನು ಅವಸರ ಮಾಡುತ್ತಿದ್ದೀ. ಫೋನಿನಲ್ಲಿ ಹೇಳಹೊರಟರೆ "ಶುರುವಾಯ್ತು ಅಪ್ಪನ ಲೆಕ್ಕ" ಎಂದು ನಗುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಎದುರು ಮಾತಾಡಲಿಕ್ಕೆ ಆಗುವುದಿಲ್ಲ ಅಲ್ವಾ.

ಎಸಿ ಬೇಡ ಎಂದು ನಾನು ಹೇಳುತ್ತಿಲ್ಲ. ಏಪ್ರಿಲ್, ಮೇ ಸೆಕೆಯಲ್ಲಿ ಅಮ್ಮ ಚಾವಡಿಯಲ್ಲಿ ಚಾಪೆ ಹಾಸಿಕೊಂಡು ರಾತ್ರಿಯೆಲ್ಲ ಹೊರಳಾಡುವುದನ್ನು ನೋಡಿದವನೇ ನಾನು. ನನ್ನ ಮಾತು ಇಷ್ಟೇ. ಅಂಗಡಿಯವ ಹೇಳುವ ರೇಟು ಮೊದಲ ಕಂತು ಮಾತ್ರ. ಉಳಿದದ್ದನ್ನು ಆಮೇಲೆ ಯಾರ್ಯಾರು ವಸೂಲಿ ಮಾಡುತ್ತಾರೆ ಎಂದು ಮೊದಲೇ ನೋಡಿಕೊಳ್ಳಬೇಕು. ಕಲ್ಸಂಕದ ಹತ್ತಿರ ಅಷ್ಟು ವರ್ಷ ರಿಪೇರಿ ಅಂಗಡಿ ಇಟ್ಟವನಿಗೆ ಇಷ್ಟು ಹೇಳುವ ಹಕ್ಕಾದರೂ ಇದೆ.

ಮೊದಲು ನಿನ್ನ ಬಡ್ಡಿ ಇಲ್ಲದ ಇಎಂಐ. ಸೊನ್ನೆ ಬಡ್ಡಿ ಎನ್ನುವುದು ಇಲ್ಲವೇ ಇಲ್ಲ ಎಂದು 2013ರಲ್ಲೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಎಲ್ಲಿಗೂ ಹೋಗಿರುವುದಿಲ್ಲ. ಪ್ರೊಸೆಸಿಂಗ್ ಫೀ ಎಂಬ ಹೆಸರಲ್ಲಿ ಬರುತ್ತದೆ, ಇಲ್ಲದಿದ್ದರೆ ನಗದು ಕೊಟ್ಟವರಿಗೆ ಸಿಗುವ ಡಿಸ್ಕೌಂಟ್ ನಿನಗೆ ಸಿಗುವುದಿಲ್ಲ. ಕಾರ್ಡಿನ ಸ್ಟೇಟ್‌ಮೆಂಟ್ ಸರಿಯಾಗಿ ನೋಡು, ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿಯೂ ಕಾಣುತ್ತದೆ. 2025ರ ಸೆಪ್ಟೆಂಬರಿನಲ್ಲಿ ಎಸಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹಾಗೆ ಉಳಿದದ್ದನ್ನು ತೆಗೆದುಕೊಂಡು ಹೋಗಿ ಬ್ಯಾಂಕಿಗೆ ಕೊಡುವುದು ಯಾಕೆ?

ಇನ್ನು ಕರೆಂಟು. ನಿನ್ನ ಫೋಟೊದಲ್ಲಿರುವ ಸ್ಟಾರ್ ಲೇಬಲ್ ದೊಡ್ಡದು ಮಾಡಿ ನೋಡಿದೆ. ವರ್ಷಕ್ಕೆ 760 ಯೂನಿಟ್ ಎಂದು ಬರೆದಿದೆ. ಅದು 1600 ಗಂಟೆ ಓಡಿಸಿದರೆ ಎಂಬ ಲೆಕ್ಕ. ಅಂದ್ರೆ ರಾತ್ರಿಗೆ ಎಂಟು ಗಂಟೆ ಹಾಕಿದರೆ ತಿಂಗಳಿಗೆ ಸುಮಾರು 115 ಯೂನಿಟ್. ಸೆಕೆಯ ಜೊತೆ ತೇವವನ್ನೂ ಹೀರಬೇಕಾದ ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಜಾಸ್ತಿಯೇ ಅನ್ನು. ಗೃಹಜ್ಯೋತಿ ಬಂದ ಮೇಲೆ, 2023ರಿಂದ, ನಮಗೆ ಸೊನ್ನೆ ಬಿಲ್ ಬರುತ್ತಿದೆ. ಅದು ನಮ್ಮ ಮನೆಯ ಹಳೆ ಸರಾಸರಿಯ ಮೇಲೆ ನಿಗದಿಯಾದದ್ದು. ಅದಕ್ಕಿಂತ ಜಾಸ್ತಿ ಉರಿಸಿದರೆ ಜಾಸ್ತಿಯಾದಷ್ಟಕ್ಕೆ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು.

ಈಗ ನಮ್ಮ ಊರಿಗೇ ಸೇರಿದ ಖರ್ಚು. ಬೆಂಗಳೂರಿನವರಿಗೆ ಅದು ಅರ್ಥವಾಗುವುದಿಲ್ಲ. ಉಪ್ಪುಗಾಳಿ. ಮಲ್ಪೆ ಕಡೆಯ ಮನೆಯಿಂದ ಬಂದ ಟಿವಿಯನ್ನು ಬಿಚ್ಚಿದ ಕೂಡಲೇ ನನಗೆ ಗೊತ್ತಾಗುತ್ತಿತ್ತು. ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಹಸಿರು ಪುಡಿ. ಸೋಲ್ಡರ್ ಹಾಕಿದಲ್ಲೆಲ್ಲ ಬೂಷ್ಟಿನ ಹಾಗೆ ಬಿಳಿ. ಹಳೆ ಟೂತ್‌ಬ್ರಷ್ಷನ್ನು ಥಿನ್ನರಿಗೆ ಅದ್ದಿ ಉಜ್ಜಬೇಕು. ಗೆರೆ ತುಂಡಾದಲ್ಲಿ ಒಂದೆಳೆ ವಯರು ಬೆಸೆಯಬೇಕು. ತಲೆ ಉಬ್ಬಿದ ಕಂಡೆನ್ಸರ್ ಕಂಡರೆ ಬದಲಾಯಿಸಬೇಕು, ಕೆಲವೇ ರೂಪಾಯಿಯ ಸಾಮಾನು. ಆಟಿ ತಿಂಗಳ ಮಳೆಯಲ್ಲಿ ಬರುತ್ತಿದ್ದ ಎಷ್ಟೋ ಸೆಟ್ಟುಗಳು ಸುಮ್ನೆ ಒಣಗಿಸಿದರೇ ಸರಿಹೋಗುತ್ತಿದ್ದವು. ಅದಕ್ಕೆ ದುಡ್ಡು ಕೇಳಲಿಕ್ಕೆ ನನಗೇ ನಾಚಿಕೆಯಾಗುತ್ತಿತ್ತು, ಆದರೂ ಕೇಳುತ್ತಿದ್ದೆ.

ಮೊನ್ನೆ ಪಕ್ಕದ ಮನೆಯ ವಾಷಿಂಗ್ ಮಷಿನ್ ನಿಂತಿತು. ಕಂಪನಿಯಿಂದ ಬಂದ ಹುಡುಗ ಬಟನ್ ಎರಡು ಸಲ ಒತ್ತಿ "ಬೋರ್ಡ್ ಹೋಗಿದೆ" ಎಂದ. ಹೊಸ ಬೋರ್ಡಿಗೆ ಅವನು ಹೇಳಿದ ರೇಟು ಮಷಿನ್ನಿನ ಮೂರನೇ ಒಂದು ಪಾಲು. ಅವನು ಹೋದ ಮೇಲೆ ನಾನು ಬಿಚ್ಚಿ ನೋಡಿದೆ. ಇಡೀ ಬೋರ್ಡನ್ನು ಒಂದು ತಟ್ಟೆಯಲ್ಲಿಟ್ಟು ಮೇಲಿಂದ ಗೋಂದು ಸುರಿದಿದ್ದಾರೆ. ಕಂಡೆನ್ಸರಿನ ಕಾಲೂ ಕಾಣುವುದಿಲ್ಲ, ಮೀಟರಿನ ಕಡ್ಡಿ ಎಲ್ಲಿ ಇಡುವುದು ಮಾರಾಯ್ತಿ? ನ್ಯಾಯವಾಗಿ ಹೇಳಬೇಕಾದರೆ ಆ ಗೋಂದು ತೇವಕ್ಕೆ, ಇರುವೆಗೆ, ಹಲ್ಲಿಗೆ ಅಡ್ಡ. ಅದಿಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ಆ ಬೋರ್ಡು ಇನ್ನೂ ಬೇಗ ಹೋಗುತ್ತಿತ್ತು. ಕರೆಂಟಿನ ಪೆಟ್ಟಿಗೆಗಳ ಒಳಗೆ ಹೊಕ್ಕು ಶಾರ್ಟ್ ಮಾಡಿ ಸತ್ತ ಹಲ್ಲಿಗಳನ್ನು ನಾನು ಕಮ್ಮಿ ನೋಡಿಲ್ಲ. ಆದರೆ ಹತ್ತು ರೂಪಾಯಿಯ ಕಂಡೆನ್ಸರ್ ಕೆಟ್ಟದ್ದಕ್ಕೆ ಸಾವಿರಗಟ್ಟಲೆ ಎಣಿಸುವುದು ನನಗೆ ಇಳಿಯುವುದಿಲ್ಲ. ಪಕ್ಕದ ಮನೆಯವರು ಹೊಸ ಮಷಿನ್ನೇ ತಂದರು.

ಇನ್ವರ್ಟರ್ ಎಸಿಯಲ್ಲೂ ಅಂಥ ಬೋರ್ಡಿದೆ. ಅದು ಇರುವುದು ಹೊರಗಿನ ಯೂನಿಟ್ಟಿನಲ್ಲಿ, ಗಾಳಿಮಳೆಯಲ್ಲಿ. ಅದರ ಕಾಯಿಲ್, ಅಂದ್ರೆ ಗ್ಯಾಸ್ ಓಡುವ ಕೊಳವೆಯ ಸುರುಳಿ, ಅಲ್ಯೂಮಿನಿಯಂ ಆದರೆ ಉಪ್ಪುಗಾಳಿಗೆ ತೂತಾದಾಗ ಬೆಸೆಯುವುದು ಕಷ್ಟ, ತಾಮ್ರ ಆದರೆ ಸುಲಭ. ಮೇ ತಿಂಗಳ ಸಂಜೆ ಸಿಡಿಲು ಬಂದರೆ ಸ್ಟೆಬಿಲೈಸರ್ ಏನೂ ಕಾಯುವುದಿಲ್ಲ. ಪಿನ್ ಕೀಳಲೇಬೇಕು.

ನನ್ನನ್ನು ಹಳೆ ಕಾಲದವ ಅನ್ನಬೇಡ. ಅರುವತ್ತು ವ್ಯಾಟಿನ ಬಲ್ಬು ಹೋಗಿ ಒಂಬತ್ತು ವ್ಯಾಟಿನ ಎಲ್‌ಇಡಿ ಬಂದಾಗ ಈ ಕೇರಿಯಲ್ಲಿ ಮೊದಲು ಹಾಕಿಸಿದವನು ನಾನು. ಯುಪಿಐ ಬಂದದ್ದು 2016ರಲ್ಲಿ. ಈಗ ಬಂಗುಡೆ ತರುವ ಅಕ್ಕನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಇದೆ, ಚಿಲ್ಲರೆಯ ಜಗಳ ಇಲ್ಲ. ನನಗೆ ಸಿಟ್ಟು ಬರುವುದು ಕೊಂಡ ಮೇಲೂ ಬಾಡಿಗೆ ಕೇಳುವ ವಸ್ತುಗಳ ಮೇಲೆ. ರಿಚಾರ್ಜಿನ "ತಿಂಗಳು" 28 ದಿನ, ಹಾಗಾಗಿ ವರ್ಷಕ್ಕೆ ಹದಿಮೂರು ಸಲ. 2024ರ ಜುಲೈಯಲ್ಲಿ ದೊಡ್ಡ ಖಾಸಗಿ ಕಂಪನಿಗಳು ಮೂರೂ ಒಟ್ಟಿಗೆ ರೇಟು ಏರಿಸಿದವು. ಬೇರೆ ದಾರಿ ಇಲ್ಲದೆ ಕೊಟ್ಟೆವು. ನೀನು ಹೇಳಿದ ಬಾಗಿಲಿನ ಕ್ಯಾಮರಾವೂ ಆ ಜಾತಿಯದ್ದೇ. ಹಳೆ ವಿಡಿಯೊ ನೋಡಬೇಕಾದರೆ ತಿಂಗಳ ಚಂದಾ ಅಂತೆ. ನಮ್ಮ ಮನೆಗೆ ಬರುವವರು ಗೇಟಿನಿಂದಲೇ ಕೂಗುತ್ತಾರೆ. ಅದು ಬೇಡ.

ಹಾಗಾದರೆ ಏನು ಮಾಡುವ? ಮೊದಲು ಎರಡು ಕೋಣೆಗೆ ಬಿಎಲ್‌ಡಿಸಿ ಫ್ಯಾನ್ ಹಾಕಿಸುತ್ತೇನೆ. ಹಳೆಯದು 75 ವ್ಯಾಟ್ ತಿನ್ನುತ್ತದೆ, ಇದು 30ರ ಆಸುಪಾಸು. ದಿನಕ್ಕೆ ಹದಿನೈದು ಗಂಟೆ ತಿರುಗುವ ಮನೆಯಲ್ಲಿ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಅದರಲ್ಲೂ ಒಂದು ಬೋರ್ಡಿದೆ, ಗೊತ್ತು. ಹಳೆ ಫ್ಯಾನು ನಿಧಾನವಾದರೆ ಕಂಡೆನ್ಸರ್ ಬದಲಾಯಿಸಿದರೆ ಮುಗಿಯಿತು, ಇದು ಹಾಗಲ್ಲ. ಅದಕ್ಕೇ ಹಳೆಯದನ್ನು ಗುಜರಿಗೆ ಹಾಕದೆ ಅಟ್ಟದಲ್ಲಿ ಇಡುತ್ತೇನೆ.

ಎಸಿಯನ್ನು ಫೆಬ್ರವರಿಯಲ್ಲಿ ಇಲ್ಲಿಂದಲೇ ತೆಗೆದುಕೊಳ್ಳುವ, ನನಗೆ ಪರಿಚಯದ ಮೆಕ್ಯಾನಿಕ್ ಇರುವ ಅಂಗಡಿಯಿಂದ. ಕಾಯಿಲ್ ತಾಮ್ರದ್ದೇ ಆಗಬೇಕು. ವೈಫೈ ಇಲ್ಲದ ಮಾಡೆಲ್ ಸಾಕು, ಅಮ್ಮನಿಗೆ ರಿಮೋಟ್ ಬರುತ್ತದೆ. ಹೊರಗಿನ ಯೂನಿಟ್ಟನ್ನು ಪೂರ್ವದ ಗೋಡೆಗೆ ಕೂರಿಸುತ್ತೇನೆ, ಸಮುದ್ರದ ಗಾಳಿ ನೇರ ಹೊಡೆಯದ ಹಾಗೆ. ಆಗಾಗ ಸಿಹಿನೀರಿನಲ್ಲಿ ತೊಳೆಯುವ ಕೆಲಸ ನನ್ನದು. ಅರ್ಧ ದುಡ್ಡು ನಾನು ಹಾಕುತ್ತೇನೆ. ಅದರ ಬಗ್ಗೆ ಚರ್ಚೆ ಇಲ್ಲ.

ಕೃಷ್ಣಾಷ್ಟಮಿ, ವಿಟ್ಲಪಿಂಡಿಗೆ ಬರುವಾಗ ನಿನ್ನ ಹಳೆ ಲ್ಯಾಪ್‌ಟಾಪ್ ತಾ, ಎಕ್ಸ್‌ಚೇಂಜಿಗೆ ಕೊಡಬೇಡ. ವಿಂಡೋಸ್ 10ಕ್ಕೆ ಕಂಪನಿಯ ಸಪೋರ್ಟ್ 2025ರ ಅಕ್ಟೋಬರಿನಲ್ಲಿ ನಿಂತಿತು, 11 ಅದಕ್ಕೆ ಹತ್ತುವುದಿಲ್ಲ, ಅಷ್ಟೇ. ಯಂತ್ರಕ್ಕೇನೂ ಆಗಿಲ್ಲ. ಹಾರ್ಡ್ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಹಾಕಿ, ವಿಂಡೋಸಿನ ಬದಲು ಲಿನಕ್ಸ್ ಕೂರಿಸುವ, ಅಮ್ಮನ ಯೂಟ್ಯೂಬಿಗೆ ಧಾರಾಳವಾಯಿತು. ಬೆನ್ನು ಉಬ್ಬಿದೆ ಎಂದೆಯಲ್ಲ, ಆ ಫೋನನ್ನು ಮಾತ್ರ ತರಬೇಡ. ಇನ್ನು ಅದನ್ನು ಚಾರ್ಜಿಗೆ ಹಾಕಬೇಡ, ಒತ್ತಿ ನೋಡಬೇಡ, ಕಸದ ಬುಟ್ಟಿಗೂ ಎಸೆಯಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಅಲ್ಲೇ ಕೊಟ್ಟುಬಿಡು. ಅಂಥದ್ದನ್ನು ಬ್ಯಾಗಿನಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿಯುವುದು ಬೇಡ. ಟಿಕೆಟ್ ಆದ ಮೇಲೆ ಯಾವ ಬಸ್ಸು ಎಂದು ತಿಳಿಸು, ನಾನು ಕರಾವಳಿ ಜಂಕ್ಷನ್ನಿಗೆ ಬರುತ್ತೇನೆ.

ನಿನ್ನ ಅಪ್ಪ