ಧಾರಾವಿಯ ಆ ಗೈಡ್ ಹುಡುಗನಿಗೆ

ಅಮ್ಮನ ಜೊತೆ ಮುಂಬೈ ನೋಡಲು ಒಂದು ದಿನದ ಟೂರ್ ಹೋಗಿದ್ದೆ. 1924ರ ಗೇಟ್‌ವೇ, ಎದುರಿಗೇ ತಾಜ್ ಹೋಟೆಲ್, ಆಮೇಲೆ ಮಹಾಲಕ್ಷ್ಮಿಯ ಧೋಬಿ ಘಾಟ್. ಮಧ್ಯಾಹ್ನ ಧಾರಾವಿಯ ಕುಂಭಾರವಾಡಾ. ಸೌರಾಷ್ಟ್ರದಿಂದ ಬಂದ ಕುಂಬಾರರ ಕೇರಿ. ಆವಿಗೆಯ ಹೊಗೆಗೋ ಸೆಕೆಗೋ, ಅಮ್ಮನಿಗೆ ತಲೆಸುತ್ತು ಬಂತು. ನನಗೆ ಕೈಕಾಲೇ ಆಡಲಿಲ್ಲ.

ಗೈಡ್ ಹುಡುಗ ಒಂದು ಮನೆಯ ಜಗಲಿಯಲ್ಲಿ ಒಣಗಲಿಟ್ಟಿದ್ದ ಹಣತೆಗಳನ್ನು ಮೆಲ್ಲಗೆ ಸರಿಸಿ ಅಮ್ಮನನ್ನು ಕೂರಿಸಿದ. ಆ ಮನೆಯವರಿಂದಲೇ ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕ ಮಾಡಿಸಿದ. ಕೊರಳಲ್ಲಿದ್ದ ಐಡಿ ಕಾರ್ಡಿನಿಂದಲೇ ಗಾಳಿ ಬೀಸಿದ! ಅಮ್ಮನಿಗೆ ಹಿಂದಿ ಬರಲ್ಲ, ಅವನಿಗೆ ಕನ್ನಡ ಬರಲ್ಲ. ಆದರೂ ‘ಆಯಿ, ಆಯಿ’ ಅಂತ ಮಾತಾಡಿಸುತ್ತಲೇ ಇದ್ದ. ಅಮ್ಮ ನಕ್ಕಾಗ ನನಗೆ ಹೋದ ಜೀವ ಬಂತು.

ಟಿಪ್ಸ್ ಕೊಟ್ಟರೆ ಪಾನಕ ಮಾಡಿಕೊಟ್ಟ ಮನೆಯತ್ತ ಕೈ ತೋರಿಸಿದ. ತುಂಬಾ ಥ್ಯಾಂಕ್ಸ್ ಕಣಪ್ಪಾ.