ಸೋಮವಾರ ಸಂತೆಯೇ ಇರಲಿಲ್ಲ: ಫ್ರಾನ್ಸ್ ಹಳ್ಳಿ ಪ್ರವಾಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ದೋರ್ದೋನ್ ಡೇ ಟ್ರಿಪ್‌ಗಳಲ್ಲಿ ಆದ ತೊಂದರೆ ಮತ್ತು ಹಣ ವಾಪಸಾತಿ

ಮಾನ್ಯರೇ,

ನಾನು, ನನ್ನ ಯಜಮಾನರು, 74 ವರ್ಷದ ಅಪ್ಪ, 68 ವರ್ಷದ ಅಮ್ಮ, ಹೀಗೆ ನಾಲ್ಕು ಜನ ಆಗಸ್ಟ್‌ನಲ್ಲಿ ನಿಮ್ಮ ಮೂಲಕ ಫ್ರಾನ್ಸ್‌ಗೆ ಹೋಗಿ ಬಂದೆವು. ಪ್ಯಾರಿಸ್ ಬಗ್ಗೆ ನನ್ನ ತಕರಾರಿಲ್ಲ. ದೂರು ಇರುವುದು ಆಮೇಲಿನ ಹಳ್ಳಿ ಭಾಗದ್ದು. ದೋರ್ದೋನ್ ಸೀಮೆಯ ಸಾರ್ಲಾ ಊರಲ್ಲಿ ಉಳಿದುಕೊಂಡು ಮೂರು ದಿನ ಸುತ್ತಾಡಲು ನೀವು ತಲೆಗೆ 36,000 ರೂಪಾಯಿಯಂತೆ ಪ್ರತ್ಯೇಕವಾಗಿ ತೆಗೆದುಕೊಂಡಿದ್ದೀರಿ. ನಾಲ್ವರಿಗೆ 1,44,000. ರಸೀದಿ ಜೊತೆಗಿದೆ.

ಫೋನಿನಲ್ಲಿ ನಿಮ್ಮವರ ಹತ್ತಿರ ಎರಡು ಸಲ ಮಾತಾಡಿದೆ. "ಫೀಡ್‌ಬ್ಯಾಕ್ ಫಾರ್ಮ್ ತುಂಬಿ ಮೇಡಂ" ಅಂದರು. ಆ ಫಾರ್ಮಿನಲ್ಲಿ ಐದು ನಕ್ಷತ್ರ ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ಈ ಪತ್ರ.

ಮೊದಲು ಸೋಮವಾರದ್ದು ಹೇಳುತ್ತೇನೆ. ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ "ಸಾರ್ಲಾದ ಪ್ರಸಿದ್ಧ ಸಂತೆಯಲ್ಲಿ ಒಂದು ಬೆಳಗ್ಗೆ" ಎಂದಿತ್ತು. ಅಮ್ಮ ಅದಕ್ಕೆಂದೇ ಎರಡು ಬಟ್ಟೆ ಚೀಲ ಮಡಚಿ ತಂದಿದ್ದರು. ಹೋಗಿ ನೋಡಿದರೆ ಚೌಕ ಖಾಲಿ. ಸಾರ್ಲಾದಲ್ಲಿ ಸಂತೆ ನಡೆಯುವುದು ಬುಧವಾರ ಮತ್ತು ಶನಿವಾರ. ಇದೇನು ಗುಟ್ಟಿನ ವಿಷಯವಲ್ಲ, ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಚೌಕದಲ್ಲಿ ಮೂರು ಕಂಚಿನ ಹೆಬ್ಬಾತುಗಳ ಪ್ರತಿಮೆ ಇದೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು, ಅಷ್ಟೇ ನಮ್ಮ ಸಂತೆ. ಹಳೆಯ ಕಲ್ಲಿನ ಮನೆಗಳು, ಸಣ್ಣ ಓಣಿಗಳು ಚೆನ್ನಾಗಿದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಬುಧವಾರ ಬೆಳಗ್ಗೆ ನಮ್ಮನ್ನು ಯಾತ್ರಾಸ್ಥಳವಾದ ರೊಕಾಮಡೂರ್‌ಗೆ ಕರೆದೊಯ್ಯುವ ವ್ಯಾನು ಅದೇ ಸಂತೆಯ ಗಿಜಿಗಿಜಿಯಲ್ಲಿ ಸಿಕ್ಕಿಕೊಂಡಿತು. ಕಿಟಕಿಯಿಂದ ಅಮ್ಮ ಸ್ಟ್ರಾಬೆರಿ ಬುಟ್ಟಿ ನೋಡುತ್ತಾ ಕೂತಿದ್ದರು. ಇಳಿಯೋಣ ಎಂದರೆ ಗೈಡ್ ಹುಡುಗ "ಟೈಮ್ ಇಲ್ಲ" ಅಂದ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವನೂ ಆ ಕಡೆಗೆ ಮೊದಲ ಸಲ ಬಂದವನು. ಅದನ್ನು ಅವನೇ ಒಪ್ಪಿಕೊಂಡ. "ಸ್ಥಳೀಯ ಪರಿಣತ ಗೈಡ್" ಎಂದು ಬರೆದು ಅವನನ್ನು ಕಳಿಸಿದವರು ನೀವು.

ಈಗ ಊಟದ ವಿಷಯ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಬುಕಿಂಗ್ ಮಾಡುವಾಗ ಮೂರು ಸಲ ಹೇಳಿದ್ದೆ: ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ. "ಪ್ರತಿದಿನ ಸಸ್ಯಾಹಾರಿ ಊಟ ಗ್ಯಾರಂಟಿ" ಎಂದು ನಿಮ್ಮ ಇಮೇಲ್ ಬಂತು. ಸೋಮವಾರ ಮಧ್ಯಾಹ್ನ ಸಾರ್ಲಾದ ಒಂದು ಹೋಟೆಲಿನಲ್ಲಿ ಅಮ್ಮನ ಮುಂದೆ ಒಂದು ತಟ್ಟೆ ಬಂತು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಬೆಳ್ಳುಳ್ಳಿ, ಮೇಲೆ ಹಸಿರು ಸೊಪ್ಪು. ಏನಿದೆ ಇದರಲ್ಲಿ ಎಂದು ಗೈಡ್‌ನನ್ನು ಕೇಳಿದೆ. "ಬರೀ ಆಲೂಗಡ್ಡೆ, ಬೆಳ್ಳುಳ್ಳಿ" ಅಂದ. ಅಮ್ಮ ಎರಡು ದಿನದಿಂದ ಬ್ರೆಡ್ ತಿಂದು ಬೇಸತ್ತಿದ್ದರು. "ನಮ್ಮ ಪಲ್ಯದ ಥರಾನೇ ಇದೆ, ಘಮ ಬೇರೆ" ಅಂತ ಇನ್ನೊಂದು ಸಲ ಹಾಕಿಸಿಕೊಂಡು ತಿಂದರು. ಅಪ್ಪ ಹಸಿವಿಲ್ಲ ಅಂತ ಹಣ್ಣಿನಲ್ಲೇ ಮುಗಿಸಿದ್ದರು. ಅವರ ಪುಣ್ಯ.

ಬಿಲ್ ಬರುವವರೆಗೆ ಸುಮ್ನೆ ಕೂತಿರುವುದೇಕೆ ಅಂತ ಮೆನು ಕಾರ್ಡಿನ ಮೇಲೆ ಫೋನು ಹಿಡಿದು ಅನುವಾದ ನೋಡಿದೆ. ಪೊಮ್ ಸಾರ್ಲಾದೇಜ್: ಬಾತುಕೋಳಿಯ ಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ.

ಇದು ಆ ಊರಿನ ಹೆಸರೇ ಹೊತ್ತ ಅಡುಗೆ. ಬಾತುಕೋಳಿ ಅಥವಾ ಹೆಬ್ಬಾತಿನ ಕೊಬ್ಬಿನಲ್ಲಿ ಹುರಿಯುವುದೇ ಅದರ ಕ್ರಮ. ಹೋಟೆಲಿನವರು ಮುಚ್ಚಿಟ್ಟಿಲ್ಲ, ಕಾರ್ಡಿನಲ್ಲೇ ಬರೆದಿದ್ದರು. ಮಾಂಸದ ತುಂಡಿಲ್ಲದ್ದೆಲ್ಲ ಸಸ್ಯಾಹಾರ ಎಂದುಕೊಂಡವರು ನಿಮ್ಮ ಕಡೆಯವರು. ಅಮ್ಮನಿಗೆ ಹೇಳದೆ ಇರಬಹುದಿತ್ತು. ಯಜಮಾನರು ಕಣ್ಣು ಮಾಡಿ ಬೇಡ ಅಂದರು. ಆದರೆ ರಾತ್ರಿಯೂ ಅದನ್ನೇ ಕೇಳಿದರೆ ಏನು ಮಾಡಲಿ? ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದದ್ದು ಹೋಯ್ತು ಬಿಡೇ" ಅಂದರು. ರೂಮಿಗೆ ಬಂದು ಸ್ನಾನ ಮಾಡಿದರು. ಮಾರನೇ ದಿನವೆಲ್ಲ ಹಣ್ಣು, ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅದೇ ರಾತ್ರಿ ನಿಮ್ಮ ವಾಟ್ಸಾಪ್ ನಂಬರಿಗೆ ಬರೆದಾಗ ಬಂದ ಉತ್ತರ: "ಎಣ್ಣೆ ಮಾತ್ರ ಅಲ್ವಾ ಮೇಡಂ, ಪೀಸ್ ಏನೂ ಇರಲಿಲ್ಲವಲ್ಲ." ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಇದನ್ನು ಬರೆದವರು ತಮ್ಮ ಮನೆಯ ಹಿರಿಯರ ಎದುರು ಇದೇ ಮಾತು ಹೇಳುತ್ತಾರಾ, ಕೇಳಿ ನೋಡಿ.

ತಮಾಷೆ ಎಂದರೆ ಅದು ಅಕ್ರೋಟಿನ ಸೀಮೆ. ಅಕ್ರೋಟಿನ ಎಣ್ಣೆಗೇ ಹೆಸರಾದ ಜಾಗ. ನಾವು ಇದ್ದ ಹೋಂಸ್ಟೇ ಯಜಮಾನಿಗೆ ವಿಷಯ ತಿಳಿದಾಗ ಆಕೆ ಟೊಮೆಟೊ ಹೆಚ್ಚಿ, ಅದೇ ಎಣ್ಣೆ ಸುರಿದು, ಮೇಲೆ ಅಕ್ರೋಟು ಉದುರಿಸಿ ಕೊಟ್ಟರು. ಐದು ನಿಮಿಷದ ಕೆಲಸ. (ಅಲ್ಲಿ ಇಂಥ ಬಾಡಿಗೆ ಮನೆಗೆ "ಜೀತ್" ಅನ್ನುತ್ತಾರೆ. "ದುಡ್ಡು ಕೊಟ್ಟು ಜೀತಕ್ಕೆ ಬಂದ್ವಾ" ಅಂತ ಅಪ್ಪ ನಕ್ಕರು. ಆ ದಿನ ನಾವು ನಕ್ಕಿದ್ದು ಅದೊಂದಕ್ಕೇ.)

ಮಂಗಳವಾರ ಲಾಸ್ಕೋ, ಆದಿಮಾನವರು ಗೋಡೆಯ ಮೇಲೆ ಚಿತ್ರ ಬರೆದ ಗುಹೆ. ನಿಮ್ಮ ಬ್ರೋಷರ್ ಹೇಳಿದ್ದು: "ಆದಿಮಾನವರ ಮೂಲ ಗುಹೆಯೊಳಗೆ ನಡೆದಾಡಿ." ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿದ್ದವರು. 1940ರಲ್ಲಿ ನಾಲ್ಕು ಜನ ಹುಡುಗರು ಆ ಗುಹೆಯೊಳಗೆ ಇಳಿದ ಕತೆಯನ್ನು ಎಷ್ಟು ಬ್ಯಾಚಿಗೆ ಹೇಳಿದ್ದಾರೋ. ಈ ಪ್ರವಾಸ ಆರಿಸಿಕೊಂಡಿದ್ದೇ ಆ ಒಂದು ಸಾಲು ನೋಡಿ. ಮೂಲ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿದ್ದಾರೆ. ನೋಡಲು ಬಂದವರ ಉಸಿರು, ಅದರ ತೇವ, ಬೆಳಕು ಎಲ್ಲ ಸೇರಿ ಗೋಡೆಗೆ ಪಾಚಿ ಹಿಡಿಯತೊಡಗಿತ್ತು. ಮುಚ್ಚಿದ್ದು ಸರಿಯೇ. ಈಗ ಪಕ್ಕದ ಊರು ಮೋಂತಿನ್ಯಾಕ್‌ನಲ್ಲಿ ತೋರಿಸುವುದು 2016ರಲ್ಲಿ ತೆರೆದ ನಕಲು, ಲಾಸ್ಕೋ 4. ಅದು ಅದ್ಭುತವಾಗಿದೆ. ಬಂಡೆಯ ಉಬ್ಬು ತಗ್ಗು ಕೂಡ ಹಾಗೇ ಮಾಡಿದ್ದಾರೆ. ಆದರೆ ಅದು ನಕಲು ಎಂದು ಅಪ್ಪನಿಗೆ ತಿಳಿದದ್ದು ಒಳಗೆ ಅಲ್ಲಿಯ ಗೈಡ್ ಮಾತು ಶುರು ಮಾಡಿದಾಗ. ಹೊರಗೆ ಬಂದು ಒಂದೇ ಮಾತು ಹೇಳಿದರು: "ಮೊದಲೇ ಹೇಳಿದ್ರೆ ನಕಲನ್ನೇ ಖುಷಿಯಾಗಿ ನೋಡ್ತಿದ್ದೆ."

ಅದಕ್ಕಿಂತ ಹೊಟ್ಟೆ ಉರಿದದ್ದು ಆಮೇಲೆ. ಮೂಲ ಚಿತ್ರಗಳನ್ನೇ ನೋಡಬಹುದಾದ ಗುಹೆಗಳು ಸುತ್ತಮುತ್ತಲೇ ಇವೆ. ಫೋಂ ದ ಗೋಮ್‌ನಲ್ಲಿ ಬಣ್ಣದ ಕಾಡೆಮ್ಮೆಗಳಿವೆ. ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ, ಹಾಗಾಗಿ ಮೊದಲೇ ಟಿಕೆಟ್ ಮಾಡಿಸಬೇಕು. ರೂಫಿನ್ಯಾಕ್‌ನಲ್ಲಂತೂ ಗುಹೆಯೊಳಗೆ ಪುಟ್ಟ ವಿದ್ಯುತ್ ರೈಲಿನಲ್ಲಿ ಕೂರಿಸಿ ಮ್ಯಾಮತ್ ಆನೆಗಳ ಚಿತ್ರ ತೋರಿಸುತ್ತಾರೆ. ಮಂಡಿ ನೋವಿನ ಅಪ್ಪನಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಇದನ್ನೆಲ್ಲ ಹೇಳಿದ್ದೂ ಆ ಹೋಂಸ್ಟೇ ಹೆಂಗಸೇ. ಅಷ್ಟರಲ್ಲಿ ಮಂಗಳವಾರ ಮುಗಿದಿತ್ತು.

ಬುಧವಾರ ಎರಡು ಜಾಗ, ಎರಡೂ ಕೆಟ್ಟವು. ರೊಕಾಮಡೂರ್‌ನಲ್ಲಿ ಬಂಡೆಗೆ ಅಂಟಿಕೊಂಡ ಊರು, ಮೇಲೆ ಚರ್ಚುಗಳು. ದೊಡ್ಡ ಮೆಟ್ಟಿಲು 216. ಹಿಂದೆ ಯಾತ್ರಿಕರು ಮೊಣಕಾಲೂರಿ ಹತ್ತುತ್ತಿದ್ದರಂತೆ. ನಾವು ಮೈಸೂರಿನವರು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬೆಳೆದವರು, ಮೆಟ್ಟಿಲೆಂದರೆ ಹೆದರಿಕೆಯಿಲ್ಲ. ಆದರೆ ಹಿಂದಿನ ದಿನವೆಲ್ಲ ಬರೀ ಹಣ್ಣಿನಲ್ಲಿದ್ದ ಅಮ್ಮ ಅರ್ಧಕ್ಕೇ ಕೂತುಬಿಟ್ಟರು, ಜೊತೆಗೆ ಅಪ್ಪನೂ. ನಾವಿಬ್ಬರೇ ಹತ್ತಿ ಕಪ್ಪು ಮೇರಿಯ ಮರದ ಮೂರ್ತಿ ನೋಡಿ ಬಂದೆವು. ಕೆಳಗೆ ಬಂದು ಮೊಬೈಲಿನಲ್ಲಿ ತೋರಿಸಿದಾಗ ಅಮ್ಮ ಅದಕ್ಕೇ ಕೈ ಮುಗಿದರು. ವಾಪಸ್ ಬೀದಿಯಲ್ಲಿ ನಡೆಯುವಾಗ ಲಿಫ್ಟಿನ ಬೋರ್ಡು ಕಂಡಿತು! ಕೆಳಗಿನ ಊರಿಂದ ಚರ್ಚಿನವರೆಗೂ ಟಿಕೆಟ್ ತೆಗೆದುಕೊಂಡು ಲಿಫ್ಟಿನಲ್ಲೇ ಹೋಗಬಹುದಿತ್ತು. ಅಷ್ಟು ಹೊತ್ತಿಗೆ ನಮಗೆ ಕೊಟ್ಟ ಒಂದು ಗಂಟೆ ಮುಗಿದಿತ್ತು.

ಅಲ್ಲಿಂದ ಪಾದಿರಾಕ್. ನೆಲ ಕುಸಿದು ಆದ ಬಾವಿಯಂಥ ದೊಡ್ಡ ಹೊಂಡ, ತಳದಲ್ಲಿ ನದಿ. 103 ಮೀಟರ್ ಕೆಳಗಿಳಿದು ದೋಣಿಯಲ್ಲಿ ಹೋಗುವುದು. ಒಳಗೆ 13 ಡಿಗ್ರಿ ಚಳಿ. "ಸ್ವೆಟರ್ ಕಡ್ಡಾಯ" ಎಂದು ನಿಮ್ಮ ಇಮೇಲ್ ಬಂದಿತ್ತು. ನಿಮ್ಮ ಮಾಹಿತಿಯಲ್ಲಿ ಸರಿ ಇದ್ದದ್ದು ಅದೊಂದೇ. ಟಿಕೆಟ್ ಮಾತ್ರ ನೀವು ಮಾಡಿಸಿರಲಿಲ್ಲ. ಅಲ್ಲಿ ಇಂತಿಷ್ಟು ಹೊತ್ತಿಗೆ ಇಂತಿಷ್ಟು ಜನ ಎಂಬ ಲೆಕ್ಕ, ಆಗಸ್ಟ್ ಬೇರೆ. ಆ ದಿನದ ಟಿಕೆಟ್ ಎಲ್ಲ ಖಾಲಿ. ಆಗಸ್ಟ್ ಬಿಸಿಲಿನಲ್ಲಿ ನಾಲ್ಕು ಸ್ವೆಟರ್ ತೋಳಿಗೆ ಹಾಕಿಕೊಂಡು ಹೊಂಡದ ಅಂಚಿನಿಂದ ಬಗ್ಗಿ ನೋಡಿ ವಾಪಸ್ ಬಂದೆವು.

ಗುರುವಾರ ನಿಮ್ಮ ಪಟ್ಟಿಯಲ್ಲಿ "ಬಿಡುವಿನ ದಿನ". ಅಮ್ಮ ಬೆಳಗ್ಗೆ ನಮ್ಮ ಅವಲಕ್ಕಿ ಒಗ್ಗರಣೆ ಹಾಕಿದರು. ಆಮೇಲೆ ಟ್ಯಾಕ್ಸಿ ಹಿಡಿದು ಲಾ ರೋಕ್ ಗಾಜಾಕ್‌ಗೆ ಹೋಗಿ, ಗಬಾರ್ ಎಂಬ ಹಳೆಯ ಮಾದರಿಯ ಚಪ್ಪಟೆ ದೋಣಿಯಲ್ಲಿ ಕೂತೆವು. ದೋರ್ದೋನ್ ನದಿ, ಎತ್ತರದಲ್ಲಿ ಕೋಟೆ. ಸಂಜೆ ಮಾರ್ಕೆಸಾಕ್ ತೋಟ. ಜುಲೈ, ಆಗಸ್ಟ್‌ನ ಗುರುವಾರಗಳಲ್ಲಿ ಅಲ್ಲಿ ಮೇಣದ ಬತ್ತಿ ಹಚ್ಚಿಡುತ್ತಾರೆ. ಇದೂ ನಿಮ್ಮ ಪಟ್ಟಿಯಲ್ಲಿಲ್ಲ. ಆ ಇಡೀ ದಿನಕ್ಕೆ ನಾಲ್ವರಿಗೂ ಸೇರಿ ಆದ ಖರ್ಚು, ನೀವು ಒಂದು ದಿನಕ್ಕೆ ತೆಗೆದುಕೊಂಡದ್ದರ ಅರ್ಧವೂ ಇಲ್ಲ.

ನಾನು ಕೇಳುವುದು ಇಷ್ಟು. ಸೋಮವಾರ ಮತ್ತು ಬುಧವಾರದ ಹಣ, ತಲೆಗೆ ದಿನಕ್ಕೆ 12,000ದಂತೆ ಒಟ್ಟು 96,000 ರೂಪಾಯಿ ವಾಪಸ್ ಕೊಡಿ. ಮಂಗಳವಾರದ್ದು ಕೇಳುವುದಿಲ್ಲ, ಲಾಸ್ಕೋ ನೋಡಿದ್ದೇವೆ. ಆದರೆ ಬ್ರೋಷರಿನಿಂದ "ಮೂಲ ಗುಹೆ" ಎಂಬ ಮಾತು ತೆಗೆಯಿರಿ. ನಿಮ್ಮ ವೆಬ್‌ಸೈಟಿನಲ್ಲಿ ಇವತ್ತು ಬೆಳಗ್ಗೆಯೂ ಅದು ಇತ್ತು. ಸಂತೆಯ ದಿನವನ್ನೂ ತಿದ್ದಿ. ಮತ್ತೆ, ಊಟದ ವಿಷಯಕ್ಕೆ ನಮ್ಮ ಅಮ್ಮನ ಹೆಸರಿಗೆ ಒಂದು ಕ್ಷಮೆ ಪತ್ರ ಬರಬೇಕು. ಕನ್ನಡದಲ್ಲಿ, ಸಹಿ ಹಾಕಿ. ವಾಟ್ಸಾಪ್ ಮೆಸೇಜ್ ಬೇಡ.

30 ದಿನ ಕಾಯುತ್ತೇನೆ. ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರುದಾರರು ಇರುವ ಊರಲ್ಲೇ ದೂರು ಕೊಡಬಹುದು. ಹಾಗಾಗಿ ಬೆಂಗಳೂರಿಗೆ ನಾನು ಬರುವುದಿಲ್ಲ, ಮೈಸೂರಿಗೆ ನೀವು ಬರಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ,
ಮೈಸೂರು

ಲಗತ್ತು: ರಸೀದಿ, ಕಾರ್ಯಕ್ರಮ ಪಟ್ಟಿ, ಬ್ರೋಷರಿನ ಪುಟ, ಊಟದ ಬಗ್ಗೆ ನಿಮ್ಮ ಇಮೇಲ್, ಮೆನು ಕಾರ್ಡಿನ ಫೋಟೋ, ವಾಟ್ಸಾಪ್ ಸ್ಕ್ರೀನ್‌ಶಾಟ್.