ಮಾಗಡಿ ಕೆರೆಯ ಹೆಬ್ಬಾತನ್ನು ಉಕ್ಕಿನಲ್ಲಿ ಕೊರೆಸಿ: ಹಾವೇರಿ ಸಂಸದರಿಗೊಂದು ಬಹಿರಂಗ ಪತ್ರ

ಹಾವೇರಿ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಬೆಟಗೇರಿಯಿಂದ ನಮಸ್ಕಾರಗಳು.

ಸಾಹೇಬರೆ, ರಸ್ತೆ, ರೈಲು, ಬೆಳೆವಿಮೆ, ಕುಡಿಯುವ ನೀರು ಅಂತ ಅರ್ಜಿಗಳು ತಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಅವುಗಳ ನಡುವೆ ನನ್ನದು ವಿಚಿತ್ರ ಅನ್ನಿಸೀತು. ನನಗೆ ಬೇಕಾಗಿರುವುದು ಅಂಚೆ ಚೀಟಿ. ಕಲಾವಿದನೊಬ್ಬ ಉಕ್ಕಿನ ಮೇಲೆ ಕೈಯಾರೆ ಗೆರೆ ಕೊರೆದು, ಆ ಅಚ್ಚಿನಿಂದ ಒತ್ತಿ ತೆಗೆದ ಚೀಟಿ. ಅದರ ಮೇಲೆ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು, ರಾಣೇಬೆನ್ನೂರಿನ ಚಿಗರಿ (ಕೃಷ್ಣಮೃಗ), ಕಪ್ಪತಗುಡ್ಡದ ಕತ್ತೆಕಿರುಬ ಇರಬೇಕು. ಕೆರೆ ಗದಗ ಜಿಲ್ಲೆಯದು, ಚಿಗರಿ ಹಾವೇರಿ ಜಿಲ್ಲೆಯದು, ಎರಡೂ ತಮ್ಮ ಕ್ಷೇತ್ರದವು. ಹೀಗಾಗಿ ಬೇರೆ ಯಾರಿಗೂ ಬರೆಯದೆ ತಮಗೇ ಬರೆಯುತ್ತಿದ್ದೇನೆ.

ಗದಗಕ್ಕೆ ಮುದ್ರಣ ಕಾಶಿ ಅನ್ನುತ್ತಾರೆ. ಆ ಕಾಶಿಯಲ್ಲಿ ಅಚ್ಚುಮೊಳೆ ಜೋಡಿಸಿ, ಟ್ರೆಡಲ್ ಎಂಬ ಕಾಲಿನ ಮುದ್ರಣಯಂತ್ರ ತುಳಿದು ಹೊಟ್ಟೆ ಹೊರೆದವರಲ್ಲಿ ನಾನೂ ಒಬ್ಬ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹಸ್ತಪತ್ರಿಕೆ ನಮ್ಮ ಕೆಲಸ. ನಮ್ಮ ಕಸುಬಿನಲ್ಲಿ ಮಸಿ ಉಬ್ಬಿದ ಅಕ್ಷರದ ತಲೆಯ ಮೇಲೆ ಕೂಡುತ್ತದೆ. ಆಮೇಲೆ ಬಂದ ಆಫ್‌ಸೆಟ್‌ನಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ; ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಗುಣದ ಮೇಲೆಯೇ ಅದರ ಆಟವೆಲ್ಲ. ಕೊರೆದ ಅಚ್ಚಿನ ರೀತಿಯೇ ಬೇರೆ. ಅಲ್ಲಿ ಮಸಿ ನಿಲ್ಲುವುದು ಗೆರೆಯ ತಗ್ಗಿನಲ್ಲಿ, ಹರಗಿದ ಹೊಲದ ಸಾಲಿನಲ್ಲಿ ಮಳೆನೀರು ನಿಂತಂತೆ. ಮೇಲ್ಮೈಯ ಮಸಿಯನ್ನು ಪೂರ್ತಿ ಒರೆಸಿ ತೆಗೆದು ಭಾರಿ ಒತ್ತಡದಲ್ಲಿ ಕಾಗದ ಒತ್ತುತ್ತಾರೆ. ಕಾಗದವೇ ಗೆರೆಯೊಳಗಿಳಿದು ಮಸಿ ಎತ್ತಿಕೊಂಡು ಬರುತ್ತದೆ. ಒಣಗಿದ ಮೇಲೂ ಅದು ಉಬ್ಬಿಕೊಂಡೇ ಇರುತ್ತದೆ. 500 ರೂಪಾಯಿಯ ಹೊಸ ನೋಟು ಕೈಗೆ ಬಂದಾಗ ಗಾಂಧೀಜಿಯ ಚಿತ್ರದ ಮೇಲೊಮ್ಮೆ ಬೆರಳಾಡಿಸಿ, ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಇಂಥ ಅಚ್ಚು ಕೊರೆಯುವವನ ಪಾಡು ಕೇಳಬೇಡಿ. ಮೆದು ಉಕ್ಕಿನ ಸಣ್ಣ ತುಂಡು. ಅದರ ಮೇಲೆ ಸ್ಟಾಂಪಿನಷ್ಟೇ ಅಳತೆಯ ಚಿತ್ರ. ಅದೂ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿದ್ದು. ಮೊಳೆ ಜೋಡಿಸುವ ನಮಗೆ ತಿರುವುಮುರುವು ಅಕ್ಷರ ಓದುವುದು ರೂಢಿ, ಆದರೆ ಹಾರುವ ಹಕ್ಕಿಯನ್ನು ತಿರುವುಮುರುವು ಕೊರೆಯುವುದು ಬೇರೆಯೇ ವಿದ್ಯೆ. ಅಂಗೈಗೆ ಹಿಡಿ ಒತ್ತಿಕೊಂಡು ಮುಂದಕ್ಕೆ ತಳ್ಳುವ ಬ್ಯೂರಿನ್ ಎಂಬ ಸಣ್ಣ ಉಳಿ, ಕಣ್ಣಿಗೊಂದು ಭೂತಗನ್ನಡಿ, ಇಷ್ಟೇ ಅವನ ಸಲಕರಣೆ. ಗೆರೆ ಬಾಗಬೇಕಾದರೆ ಉಳಿಯನ್ನು ತಿರುಗಿಸುವುದಿಲ್ಲ. ಕೆಳಗಿನ ಚರ್ಮದ ದಿಂಬಿನ ಮೇಲೆ ಉಕ್ಕನ್ನೇ ತಿರುಗಿಸುತ್ತಾನೆ. ಅವನಲ್ಲಿ ಬೂದು ಬಣ್ಣ ಎಂಬುದೇ ಇಲ್ಲ. ಗೆರೆ ಆಳವಾದಷ್ಟೂ ಮಸಿ ಹೆಚ್ಚು ಹಿಡಿದು ಕಪ್ಪಾಗುತ್ತದೆ, ತೆಳುವಾದರೆ ತಿಳಿಯಾಗುತ್ತದೆ. ಗೆರೆಗಳ ನಡುವಿನ ಅಂತರ, ಒಂದರ ಮೇಲೊಂದು ಅಡ್ಡ ಹಾಯುವ ಗೆರೆ, ಗೆರೆ ಮುಗಿದ ಕಡೆ ಇಡುವ ಚುಕ್ಕೆ: ನೆರಳು, ಮೈತುಂಬು, ತುಪ್ಪಳ, ಕಣ್ಣಿನ ಹೊಳಪು ಎಲ್ಲವನ್ನೂ ಇಷ್ಟರಲ್ಲೇ ತರಬೇಕು. ಉಳಿ ಜಾರಿದರೆ ಅಳಿಸುವುದಕ್ಕೆ ರಬ್ಬರಿಲ್ಲ. ಹಿಂದಿನಿಂದ ಬಡಿದು ತಗ್ಗನ್ನು ಮೇಲೆಬ್ಬಿಸಿ, ಉಜ್ಜಿ ನುಣುಪು ಮಾಡಿ, ಮತ್ತೆ ಮೊದಲಿನಿಂದ ಕೊರೆಯಬೇಕು.

1840ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಲೋಕದ ಮೊದಲ ಅಂಚೆ ಚೀಟಿ ಪೆನ್ನಿ ಬ್ಲ್ಯಾಕ್ ಹೀಗೆಯೇ ಹುಟ್ಟಿದ್ದು. ಚಾರ್ಲ್ಸ್ ಹೀತ್ ಮತ್ತು ಅವರ ಮಗ ಫ್ರೆಡರಿಕ್ ಕೊರೆದ ಒಂದೇ ಅಚ್ಚನ್ನು ಗಟ್ಟಿಗೊಳಿಸಿ, ಉರುಳೆಗೆ ಇಳಿಸಿ, ಉರುಳೆಯಿಂದ ಫಲಕದ ಮೇಲೆ ಸಾಲುಸಾಲಾಗಿ ಒತ್ತಿ ಮುದ್ರಿಸಿದರು. ಪ್ರಾಣಿ ಪಕ್ಷಿಗಳೂ ತಡಮಾಡಲಿಲ್ಲ. 1851ರಲ್ಲಿ ಕೆನಡಾದ ಮೂರು ಪೆನ್ಸ್ ಚೀಟಿಯ ಮೇಲೆ ಬೀವರ್ ಬಂದು ಕುಳಿತಿತು. 1854ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕರಿ ಹಂಸವನ್ನು ವಿಲಿಯಂ ಹಂಫ್ರೀಸ್ ಲಂಡನ್ನಿನಲ್ಲಿ ಕುಳಿತು ಕೊರೆದರು. ಆ ಚೀಟಿಯಲ್ಲಿ ಹಂಸದ ಹಿಂದಿನ ನೀರು ಬರಿಯ ಗೆರೆ, ಆದರೂ ನೀರೇ. 1865ರಲ್ಲಿ ನ್ಯೂಫೌಂಡ್‌ಲ್ಯಾಂಡಿನ ಐದು ಸೆಂಟಿನ ಚೀಟಿಯಲ್ಲಿ ಮಂಜುಗಡ್ಡೆಯ ಮೇಲೊಂದು ಸೀಲ್ ಪ್ರಾಣಿ ಬಂತು. ಅದರ ಈಜುಗಾಲು ನಾಯಿಯ ಪಂಜದ ಹಾಗೆ ಕಾಣುತ್ತದೆ ಎಂದು ಸಂಗ್ರಾಹಕರು ಇಂದಿಗೂ ಆಡಿಕೊಳ್ಳುತ್ತಾರೆ. ಈ ಸೀಲಿನ ಕಥೆ ತಮ್ಮ ನೆನಪಿನಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈ ಕಲೆಯ ಶಿಖರ ಎಂದರೆ ಪೋಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಚೆಸ್ಲಾವ್ ಸ್ಲಾನಿಯಾ. 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕೊರೆದ ಚೀಟಿಗಳು ಸಾವಿರ ದಾಟಿದ್ದವು. ಗೆರೆ ನೋಡಿಯೇ ಇದು ಅವರದು ಎಂದು ಹೇಳುವವರಿದ್ದಾರೆ. ಕಂಪ್ಯೂಟರಿನಲ್ಲಿ ಕೂಡಿಸಿದ ಫೋಟೋಕ್ಕೆ ಅಂಥ ಕೈಬರಹ ಎಲ್ಲಿಂದ ಬರಬೇಕು?

ನಮ್ಮ ದೇಶದಲ್ಲಿ ವನ್ಯಜೀವಿ ಚೀಟಿಗಳಿಗೆ ಕೊರತೆಯಿಲ್ಲ. 1962ರಲ್ಲಿ 15 ನಯಾಪೈಸೆಯ ಘೇಂಡಾಮೃಗ ಬಂತು. ಮರುವರ್ಷ 10 ನಯಾಪೈಸೆಗೆ ಕಾಡುಕೋಣ, 15ಕ್ಕೆ ಕೆಂಪು ಪಾಂಡಾ, 30ಕ್ಕೆ ಆನೆ, 50ಕ್ಕೆ ಹುಲಿ, ಒಂದು ರೂಪಾಯಿಗೆ ಸಿಂಹ ಬಂದವು. ಇವೆಲ್ಲ ನಾಸಿಕದ ಮುದ್ರಣಾಲಯದಲ್ಲಿ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಮುದ್ರಿಸಿದವು. ಅಲ್ಲಿಯೂ ಮಸಿ ತಗ್ಗಿನಲ್ಲೇ ನಿಲ್ಲುವುದಾದರೂ ಆ ತಗ್ಗು ಕೈಯಿಂದ ಕೊರೆದ ಗೆರೆಯಲ್ಲ. ಭೂತಗನ್ನಡಿ ಹಿಡಿದರೆ ಚಿತ್ರ ಒಡೆದು ಸಣ್ಣ ಸಣ್ಣ ಗುಳಿಗಳ ಜಾಲವಾಗುತ್ತದೆ. ಆದರೂ ಅವು ಚೆಂದ, ಯಾರೋ ಕೂತು ಬರೆದ ಚಿತ್ರಗಳು. ಈಗೀಗ ಬರುವ ಮಿರುಗುವ ಹಾಳೆಗಳನ್ನು ನೋಡಿದರೆ ನನಗಂತೂ ಕ್ಯಾಲೆಂಡರ್ ಕತ್ತರಿಸಿದಂತೆ ಕಾಣುತ್ತದೆ. ಹತ್ತು ಬಣ್ಣ ಇದ್ದರೂ ಒಂದು ಗೆರೆ ಇಲ್ಲ.

1980ರಲ್ಲಿ ಎರೆಭೂತ ಎಂಬ ಹುಲ್ಲುಗಾವಲಿನ ದೊಡ್ಡ ಹಕ್ಕಿಯ ಚೀಟಿಯೂ ಬಂದಿತ್ತು, 2 ರೂಪಾಯಿ 30 ಪೈಸೆಯದು. ರಾಣೇಬೆನ್ನೂರು ಅಭಯಾರಣ್ಯದಲ್ಲಿ ಒಂದು ಕಾಲಕ್ಕೆ ಈ ಹಕ್ಕಿ ಓಡಾಡುತ್ತಿತ್ತು. ಹುಲ್ಲುಗಾವಲು ನೀಲಗಿರಿ ತೋಪಾಗುತ್ತ ಹೋಯಿತು, ಹಕ್ಕಿ ಕಾಣದಾಯಿತು. ಚೀಟಿ ಮಾತ್ರ ನನ್ನ ಆಲ್ಬಮ್ಮಿನಲ್ಲಿದೆ.

ಈಗ ನಮ್ಮ ಮೂರು ಜೀವಿಗಳಿಗೆ ಬರುತ್ತೇನೆ. ಮುದ್ರಕನ ಕಣ್ಣಿನಿಂದ ಹೇಳುವುದಾದರೆ ಇವು ಒಂಟಿ ಮಸಿಗೆಂದೇ ಹುಟ್ಟಿದವು. ಗಂಡು ಚಿಗರಿಯನ್ನೇ ನೋಡಿ: ಬೆನ್ನು ಕಪ್ಪು, ಹೊಟ್ಟೆ ಬಿಳಿ, ಎರಡರ ನಡುವಿನ ಗಡಿ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಬೆನ್ನಿಗೆ ಆಳವಾದ ಅಡ್ಡಗೆರೆ, ಹೊಟ್ಟೆಗೆ ಏನೂ ಕೊರೆಯದೆ ಬಿಟ್ಟ ಬರಿಯ ಕಾಗದ. ತಿರುಚಿದ ಕೊಂಬಿನ ಮೇಲಿನ ಒಂದೊಂದು ಬಳೆಯೂ ಒಂದೊಂದು ಗೆರೆ. ಹುಬ್ಬಳ್ಳಿ-ಧಾರವಾಡದವರು ಬಸ್ಸಿಗೇ ಚಿಗರಿ ಎಂದು ಹೆಸರಿಟ್ಟುಕೊಂಡು ಮೆರೆಯುತ್ತಾರೆ. ಜಿಗಿಯುವ ಚಿಗರಿ ಇರುವುದು 1974ರಿಂದ ಅಭಯಾರಣ್ಯವಾಗಿರುವ ನಮ್ಮ ರಾಣೇಬೆನ್ನೂರಿನ 119 ಚದರ ಕಿಲೋಮೀಟರಿನಲ್ಲಿ. ಕತ್ತೆಕಿರುಬದ ಮೈಪಟ್ಟೆ, ಬೆನ್ನಿನ ಮೇಲೆ ನಿಮಿರಿ ನಿಂತ ಕೂದಲು ಉಳಿಗೆ ಹಬ್ಬ. ಆದರೆ ಜನಕ್ಕೆ ಆ ಪ್ರಾಣಿ ಕಂಡರಾಗದು, ಹಾಗಾಗಿ ಅದರ ಚೀಟಿ ಕೊನೆಗೆ ಬರಲಿ.

ಮೊದಲು ಬರಬೇಕಾದದ್ದು ಹೆಬ್ಬಾತು. ಚಳಿಗಾಲಕ್ಕೆ ಹಿಮಾಲಯ ದಾಟಿ ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಬಂದಿಳಿಯುವ ಹಕ್ಕಿ. 2024ರ ಜನವರಿಯಲ್ಲಿ ಮಾಗಡಿ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ, ಸಿಕ್ಕಿತು. ಆ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಒಂದು ದಿನ ಬಂದು ಹೋಯಿತು, ಅಷ್ಟೇ. ಬಿಳಿ ತಲೆಯ ಹಿಂಬದಿ ಎರಡೇ ಎರಡು ಕರಿ ಪಟ್ಟೆ. ಮೈಯ ಬೂದು ಗರಿಗಳು ಒಂದರ ಮೇಲೊಂದು ಒರಗಿದ ಪದರು ಪದರು, ಪ್ರತಿ ಗರಿಯ ಅಂಚಿಗೆ ತಿಳಿಬಿಳಿ. ಬಣ್ಣದ ಫೋಟೋದಲ್ಲಿ ಈ ಹಕ್ಕಿ ಸಪ್ಪೆ, ಯಾರೂ ಎರಡನೇ ಸಲ ನೋಡುವುದಿಲ್ಲ. ಕೊರೆದ ಗೆರೆಯಲ್ಲಿ ಮಾತ್ರ ಅದರ ಚೆಲುವು ಹೊರಬರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಹುಲಿಗೆ ಇದರ ಅಗತ್ಯವಿಲ್ಲ. ಹುಲಿ ಹೇಗೆ ಮುದ್ರಿಸಿದರೂ ಹುಲಿಯೇ.

ಇಷ್ಟಕ್ಕೂ ಈಗ ಚೀಟಿ ಅಂಟಿಸುವವರು ಯಾರು ಎಂದು ದೆಹಲಿಯ ಅಧಿಕಾರಿಗಳು ತಮ್ಮನ್ನು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಕೌಂಟರಿನಲ್ಲಿ ತೂಕ ಮಾಡಿ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. ಸ್ಟಾಂಪು ಹಚ್ಚಿ ಕೊಡಿ ಅಂದರೆ ಹಿಂದೆ ನಿಂತವರು ಗೊಣಗುತ್ತಾರೆ. ಅಂದರೆ ದುಡಿಯುವ ಕೆಲಸದಿಂದ ಸ್ಟಾಂಪಿಗೆ ನಿವೃತ್ತಿಯಾಗಿದೆ. ಇನ್ನು ಅದಕ್ಕೆ ಉಳಿದಿರುವುದು ನೋಡಿಸಿಕೊಳ್ಳುವ, ಇಟ್ಟುಕೊಳ್ಳುವ ಕೆಲಸ. ಹಾಗಿದ್ದ ಮೇಲೆ ವರ್ಷಕ್ಕೆ ಹತ್ತಾರು ಸಾಧಾರಣ ಚೀಟಿ ತರುವ ಬದಲು ಒಂದೆರಡಾದರೂ ಅಸಾಧಾರಣವಾಗಿರಲಿ. ಫ್ರಾನ್ಸ್, ಸ್ವೀಡನ್, ಜೆಕ್ ದೇಶದವರಿಗೂ ಇಮೇಲ್ ಇದೆ, ಆದರೂ ಕೊರೆದ ಚೀಟಿ ಬಿಟ್ಟಿಲ್ಲ. (ಪುಢಾರಿಗಳ ಭಾವಚಿತ್ರದ ಚೀಟಿ ಸ್ವಲ್ಪ ಕಡಿಮೆಯಾದರೂ ನಡೆದೀತು, ತಾವು ಬೇಸರ ಮಾಡಿಕೊಳ್ಳಬಾರದು.)

ಯಂತ್ರವಿಲ್ಲ ಎಂಬ ಸಬೂಬು ಬಂದರೆ ಒಪ್ಪಬೇಡಿ. ಮೈಸೂರಿನಲ್ಲೇ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವಿದೆ. 100 ರೂಪಾಯಿ ಮತ್ತು ಅದಕ್ಕೂ ಮೇಲಿನ ನೋಟುಗಳ ಗಾಂಧೀಜಿ, ಅಶೋಕ ಸ್ತಂಭ, ಅಂಚಿನ ಗೆರೆಗಳು ಇದೇ ಉಬ್ಬು ಮುದ್ರಣದಲ್ಲಿ ಬರುತ್ತವೆ. ದೃಷ್ಟಿಯಿಲ್ಲದವರು ನೋಟನ್ನು ಬೆರಳಿನಿಂದ ಗುರುತಿಸಲಿ ಎಂಬ ಉದ್ದೇಶವೂ ಅದರಲ್ಲಿದೆ. ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಊರಿನವನಾಗಿ ಈ ಮಾತು ನನಗೆ ಹತ್ತಿರದ್ದು. ಸ್ಟಾಂಪಿನಷ್ಟು ಸಣ್ಣ ಚಿತ್ರ ಬೆರಳಿಗೆ ಪೂರ್ತಿ ತಿಳಿಯಲಿಕ್ಕಿಲ್ಲ. ಆದರೂ ಕಣ್ಣಿಗಷ್ಟೇ ಅಲ್ಲದೆ ಕೈಗೂ ಸಿಗುವ ಸ್ಟಾಂಪು ಅದು.

ತಮ್ಮಿಂದ ಆಗಬೇಕಾದದ್ದು ಇಷ್ಟು. ಸಂಪರ್ಕ ಸಚಿವರಿಗೆ ಒಂದು ಪತ್ರ ಬರೆಯಿರಿ, ಸದನದಲ್ಲಿ ಒಂದು ಪ್ರಶ್ನೆ ಕೇಳಿ. ಚೀಟಿಗಳ ವಿಷಯ ಚರ್ಚಿಸುವ ಸಲಹಾ ಸಮಿತಿಯ ಮುಂದೆ ಈ ಮೂರು ಜೀವಿಗಳ ಪ್ರಸ್ತಾವ ಹೋಗಲಿ, ಅದರಲ್ಲಿ ಉಕ್ಕಿನ ಅಚ್ಚು ಎಂಬ ಷರತ್ತು ತಪ್ಪದೇ ಇರಲಿ. ಅದಿಲ್ಲದಿದ್ದರೆ ಮತ್ತೊಂದು ಫೋಟೋ ಬಂದು ಕೂಡುತ್ತದೆ. ಗದಗದ ವಿಜಯ ಲಲಿತಕಲಾ ಮಹಾವಿದ್ಯಾಲಯದಲ್ಲಿ, ಧಾರವಾಡದ ಚಿತ್ರಕಲಾ ಶಾಲೆಗಳಲ್ಲಿ ಕಲಿಯುವ ಒಬ್ಬಿಬ್ಬರು ಹುಡುಗ ಹುಡುಗಿಯರಿಗೆ ನೋಟಿನ ಅಚ್ಚು ಕೊರೆಯುವವರ ಕೈಕೆಳಗೆ ಕೂತು ಕಲಿಯುವ ಅವಕಾಶ ಕೊಡಿಸಿದರೆ ಇನ್ನೂ ಒಳ್ಳೆಯದು. ಲಕ್ಕುಂಡಿಯ ಕಲ್ಲುಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ಉಳಿ ಹೊಸದೇನಲ್ಲ ಎಂದು ಭಾಷಣದಲ್ಲಿ ಹೇಳಬಹುದು. ನಿಜ ಹೇಳಬೇಕೆಂದರೆ ಇದು ಅವರಿಗೆ ಪೂರ್ತಿ ಹೊಸದು, ವರ್ಷಗಟ್ಟಲೆ ಕಲಿಯಬೇಕು, ಆ ಅವಧಿಗೆ ಅವರ ಹೊಟ್ಟೆಪಾಡಿಗೂ ದಾರಿ ಇರಬೇಕು.

ಇನ್ನೊಂದು ವಿಚಾರ ಅಮೆರಿಕದ್ದು. ಅಲ್ಲಿ 1934ರಿಂದ ಡಕ್ ಸ್ಟಾಂಪ್ ಇದೆ. ಬಾತು ಬೇಟೆಗೆ ಹೋಗುವವರು ಕೊಳ್ಳಲೇಬೇಕಾದ ಪರವಾನಗಿ ಚೀಟಿ ಅದು, ಅಂಚೆಗೆ ನಡೆಯುವುದಿಲ್ಲ. ಮೊದಲ ಚೀಟಿಯ ಚಿತ್ರ ಬರೆದವರು ಡಿಂಗ್ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರ. ಆ ಹಣದಲ್ಲಿ ಸರಕಾರ ಜೌಗು ಭೂಮಿ ಕೊಂಡು ಹಕ್ಕಿಗಳಿಗೆ ಬಿಡುತ್ತದೆ. ನಮ್ಮಲ್ಲಿ ಬೇಟೆಯ ಮಾತೇ ಬೇಡ. ಆದರೆ ಹೆಬ್ಬಾತಿನ ಚೀಟಿಗೆ ಬೆಲೆಯ ಮೇಲೆ ಐದು ರೂಪಾಯಿ ಹೆಚ್ಚಿಟ್ಟು, ಆ ಐದನ್ನು ಮಾಗಡಿ ಕೆರೆಗೆ ಕೊಡಲು ಬರುತ್ತದೆಯೇ ಎಂದು ಇಲಾಖೆಯನ್ನು ವಿಚಾರಿಸಬೇಕು.

ಕೊನೆಗೆ, ಆ ಸೀಲಿನ ಮಾತು. ನಮ್ಮ ಹೆಬ್ಬಾತಿಗೂ ಹಾಗೆ ನಾಯಿಯ ಪಂಜ ಬರಬಾರದು. ಅಚ್ಚು ಕೊರೆಯುವ ಕಲಾವಿದರನ್ನು ಚಳಿಗಾಲದಲ್ಲಿ ಮಾಗಡಿಗೆ ಕಳಿಸಿ. ನವೆಂಬರ್ ನಂತರ, ಫೆಬ್ರವರಿ ಮುಗಿಯುವುದರೊಳಗೆ ಆದರೆ ಹಕ್ಕಿಗಳು ಇರುತ್ತವೆ. ಹೊಲಕ್ಕೆ ಮೇಯಲು ಹೋದ ಹಿಂಡು ಕೆರೆಗೆ ಮರಳುವುದನ್ನು ಅವರು ಕಣ್ಣಾರೆ ನೋಡಲಿ, ಕಾಲು ಹೇಗೆ ಮಡಚುತ್ತವೆ, ಕತ್ತು ಹೇಗೆ ಚಾಚುತ್ತವೆ ಬರೆದುಕೊಳ್ಳಲಿ. ಗದಗದಿಂದ ಕೆರೆಗೆ ಕರೆದುಕೊಂಡು ಹೋಗಿ ಬರುವ ಜವಾಬ್ದಾರಿ, ಊಟಕ್ಕೆ ಜೋಳದ ರೊಟ್ಟಿ ಸಮೇತ, ನನ್ನದು.

ಇಂತಿ ತಮ್ಮ ವಿಶ್ವಾಸಿ,
ಬೆಟಗೇರಿಯ ಒಬ್ಬ ಹಳೆಯ ಮುದ್ರಕ